ಯಾರೂ ಕಾಲು ಎತ್ತಬ್ಯಾಡ್ರಿ

ನಾನು ಹುಟ್ಟಿ ಬೆಳೆದದ್ದು ಜಗಳೂರಿನ ಕಡೆ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಬಯಲು. ದೂರದಲ್ಲಿ ಯಾರೋ ಬರುತ್ತಿದ್ದಾರೆ ಅಂದರೆ, ಅವರು ಹತ್ತಿರ ಬರುವಷ್ಟರಲ್ಲಿ ಯಾರ ಮನೆಯವರು, ಯಾಕೆ ಬರುತ್ತಿದ್ದಾರೆ, ಟೀ ಇಡಬೇಕೋ ಬೇಡವೋ ಎಲ್ಲ ಯೋಚನೆ ಮಾಡಿ ಮುಗಿಸಬಹುದು. ಅದಕ್ಕೇ ಇರಬೇಕು, ಮೈಗೆ ಮೈ ತಾಗುವಂಥ ಜನ ಕಂಡರೆ ನನಗೆ ಇವತ್ತಿಗೂ ಕೈಕಾಲು ತಣ್ಣಗಾಗುತ್ತವೆ. ಮದುವೆಯಾಗಿ ನ್ಯಾಮತಿಗೆ ಬಂದು ಅರ್ಧ ತಲೆ ನರೆತಿದೆ, ಆದರೂ ಸಂತೆಗೆ ಹೋಗುವಾಗ ಬ್ಯಾಗನ್ನು ಕಂಕುಳಲ್ಲಿ ಇರುಕಿಕೊಂಡೇ ಹೋಗುವವಳು ನಾನು. ಬಾಯಿ ಮಾತ್ರ ಜೋರು. ಹೆದರಿಕೆ ಜಾಸ್ತಿಯಾದಷ್ಟೂ ನನ್ನ ಬಾಯಿ ಜೋರಾಗುತ್ತದೆ, ಅದು ನನ್ನ ಹಣೆಬರಹ.

ನಮ್ಮತ್ತೆ ಇದಕ್ಕೆ ಪೂರಾ ಉಲ್ಟಾ. ಎಪ್ಪತ್ತು ದಾಟಿದ್ದಾರೆ, ಎಲ್ಲಿ ಮೈಕಿನ ಸದ್ದು ಕೇಳಿದರೂ ಅತ್ತ ಕಿವಿ. ಗಣಪತಿ ಕೂರಿಸಿದ ಹುಡುಗರು ಆರ್ಕೆಸ್ಟ್ರಾ ತರಿಸಿದರೆ ಹೆಂಗಸರ ಸಾಲಿನ ಮುಂದಿನ ಕುರ್ಚಿ ಅವರದೇ. ಲಿಂಗಪೂಜೆ ಆಗದೆ ಬೆಳಿಗ್ಗೆ ಒಂದು ಹನಿ ನೀರು ಬಾಯಿಗೆ ಹಾಕದ ಹೆಂಗಸು, ಹಣೆಯ ವಿಭೂತಿ ಆರುವ ಮುಂಚೆಯೇ ರೇಡಿಯೋ ಕಾಲದ ಸಿನಿಮಾ ಹಾಡು ಗುನುಗುತ್ತಾ ರೊಟ್ಟಿ ತಟ್ಟಲು ಕೂರುವುದನ್ನು ನೋಡಿ ಹೊಸತರಲ್ಲಿ ನಾನು ದಂಗಾಗಿದ್ದೆ. "ಶಿವನಿಗೆ ಹಾಡು ಆಗಂಗಿಲ್ಲ ಅಂತ ಯಾರು ಹೇಳಿದ್ರೇ ನಿಂಗೆ?" ಎಂದು ನನ್ನನ್ನೇ ಕೇಳಿದ್ದರು.

ಈ ಸಲ ಜನವರಿ ಇಪ್ಪತ್ತಾರರ ಸಂಜೆ ಚನ್ನಗಿರಿಯ ಮೈದಾನದಲ್ಲಿ ರಸಮಂಜರಿ ಕಾರ್ಯಕ್ರಮ ಇದೆ, ಅದರಲ್ಲಿ ಹಳೇ ಹಾಡು ಹಾಡುವವರು ಬರುತ್ತಾರೆ ಎಂದು ನಮ್ಮ ಪೈಪಿನ ಅಂಗಡಿಗೆ ಬಂದ ಗಿರಾಕಿ ಯಾರೋ ಹೇಳಿದ್ದೇ ತಡ, ಅತ್ತೆ ಹಟ ಹಿಡಿದರು. ನಮ್ಮ ಮನೆಯವರು ಅಮ್ಮನ ಮಾತಿಗೆ ಇಲ್ಲ ಅಂದವರಲ್ಲ. "ಕಾರೈತೆ, ಹೋಗಿ ಬರಾನ ಬಿಡು" ಎಂದರು. ಹೇಳುವುದು ಸುಲಭ. ಅತ್ತೆಗೆ ಸಕ್ಕರೆ ಕಾಯಿಲೆ. ಸಂಜೆ ಊಟಕ್ಕೆ ಅರ್ಧ ಗಂಟೆ ಮುಂಚೆ ಇನ್ಸುಲಿನ್ ಸೂಜಿ, ಅದನ್ನು ಚುಚ್ಚುವವಳು ನಾನು. ಸೂಜಿ ಆದಮೇಲೆ ಏನೇ ಆದರೂ ಊಟ ತಪ್ಪಿಸಬಾರದು ಎಂದು ಆಸ್ಪತ್ರೆಯ ನರ್ಸಮ್ಮ ನನಗೆ ಒತ್ತಿ ಒತ್ತಿ ಹೇಳಿದ್ದರು. ತಪ್ಪಿದರೆ ಮೊದಲು ಬೆವರು, ಆಮೇಲೆ ನಡುಕ, ಆಮೇಲೆ ಮಾತು ತಡವರಿಸುತ್ತದೆ, ಆಮೇಲೆ... ಆಮೇಲಿನದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆವರು ಕಂಡ ಕೂಡಲೇ ಒಂದು ಚೂರು ಬೆಲ್ಲ ದವಡೆಗೆ ಒತ್ತಿ ಎಂದಿದ್ದರು. ಅವತ್ತಿನಿಂದ ನನ್ನ ಬ್ಯಾಗಿನ ಒಳಜೇಬಿನಲ್ಲಿ ಕಾಗದ ಸುತ್ತಿದ ಬೆಲ್ಲದ ಚೂರು ಒಂದು ಇದ್ದೇ ಇರುತ್ತಿತ್ತು. ಅದು ಬೇಕಾಗುವ ದಿನ ಬಂದಿರಲಿಲ್ಲ.

ಹೊರಡುವ ಹೊತ್ತಿಗೆ ನನಗೆ ಇನ್ನೊಂದು ಹೆದರಿಕೆ ಶುರುವಾಯಿತು. ಅತ್ತೆಯ ಕೊರಳಲ್ಲಿ ಲಿಂಗ ಇಡುವ ಬೆಳ್ಳಿಯ ಕರಡಿಗೆ, ಅವರ ತವರಿನವರು ಕೊಟ್ಟದ್ದು, ಕೈಗೆ ತೂಕ ಬರುವಂಥದ್ದು. "ಅತ್ತೆ, ಅದನ್ನ ಹಾಕ್ಕೊಂಡು ಬರಬ್ಯಾಡ್ರಿ. ಆ ಗದ್ದಲದಾಗೆ ಯಾವನಾದ್ರೂ ದಾರ ಕತ್ತರಿಸ್ಕೊಂಡು ಹೋದ್ರೆ ಏನು ಮಾಡಾಕಾಗತೈತೆ?" ಎಂದೆ. ಅತ್ತೆಗೂ ಹೌದೆನ್ನಿಸಿತು. ಲಿಂಗವನ್ನು ಕರಡಿಗೆಯಿಂದ ತೆಗೆದು ಕಣ್ಣಿಗೊತ್ತಿಕೊಂಡು, ಬಿಳಿ ಬಟ್ಟೆಯಲ್ಲಿ ಸುತ್ತಿ ಶಿವದಾರಕ್ಕೆ ಕಟ್ಟಿಕೊಂಡರು. "ಎಷ್ಟು ಹಗುರಾತು ನೋಡೇ, ಏನೂ ಹಾಕ್ಕೊಂಡಂಗೇ ಇಲ್ಲ" ಎಂದು ನಕ್ಕರು. ಮೇಲೆ ಚಳಿಗೆ ನನ್ನ ಮಗಳ ಸ್ವೆಟರ್. ಹಾಸ್ಟೆಲಿನಿಂದ ಬಂದಾಗ ಬಿಟ್ಟುಹೋದದ್ದು, ಬೆನ್ನಿಗೆ ಟೋಪಿ, ಎದೆ ಮೇಲೆ ದೊಡ್ಡ ದೊಡ್ಡ ಇಂಗ್ಲಿಷ್ ಅಕ್ಷರ. ಕಿವಿ ಮುಚ್ಚುತ್ತದೆ ಎಂದು ಅತ್ತೆಗೆ ಅದೇ ಬೇಕು. ಇಳಕಲ್ ಸೀರೆಯ ಮೇಲೆ ಆ ವೇಷ ನೋಡಿ ನಮ್ಮ ಮನೆಯವರು, "ಅವ್ವಾ, ನೀನೇ ಸ್ಟೇಜ್ ಹತ್ತಂಗಿದೀಯ" ಎಂದು ಚುಡಾಯಿಸಿದರು.

ಹೊನ್ನಾಳಿ ದಾಟಿ ಚನ್ನಗಿರಿ ಮುಟ್ಟಿದಾಗ ಸೂರ್ಯ ಮುಳುಗುತ್ತಿದ್ದ. ಬೆಳಿಗ್ಗೆ ಧ್ವಜ ಹಾರಿಸಿದ ಕಂಬದ ಸುತ್ತ ಇನ್ನೂ ಹೂವಿನ ಎಸಳು ಬಿದ್ದಿದ್ದವು. ಮೈದಾನದಲ್ಲಿ ನೋಡಿದರೆ ಅಯ್ಯೋ ಶಿವನೇ, ಸುತ್ತಮುತ್ತಲ ಹಳ್ಳಿಗಳೆಲ್ಲ ಎದ್ದು ಬಂದಿದ್ದವು. ಕಾಂಪೌಂಡಿನ ಮೇಲೆ ಜನ, ನಿಂತ ಟ್ರ್ಯಾಕ್ಟರುಗಳ ಮೇಲೆ ಜನ. ನಡುವೆ ಬೊಂಬು ಕಟ್ಟಿ ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ ಮಾಡಿದ್ದರು. ನಮ್ಮ ಮನೆಯವರು ಊಟದ ಕ್ಯಾರಿಯರ್ ನನ್ನ ಕೈಗೆ ಕೊಟ್ಟು ಆ ಕಡೆ ಹೋದರು. ನಮಗೆ ನಡುಭಾಗದಲ್ಲಿ ಅಕ್ಕಪಕ್ಕದ ಎರಡು ಕುರ್ಚಿ ಸಿಕ್ಕಿದವು. ನಾನು ಕೂತ ಕೂಡಲೇ ಹೊರಗೆ ಹೋಗುವ ದಾರಿ ಎಲ್ಲಿದೆ ಎಂದು ನೋಡಿಕೊಂಡೆ. ಒಂದೇ ಗೇಟು, ಅದರಲ್ಲೂ ಜನ ಒಳಗೆ ಬರುತ್ತಲೇ ಇದ್ದರು.

ಮೊದಲ ಹಾಡು ಶುರುವಾಗುವಷ್ಟರಲ್ಲಿ ಸೂಜಿಯ ಹೊತ್ತಾಯಿತು. ಅಷ್ಟು ಜನರ ಮಧ್ಯೆ ಅತ್ತೆಯ ತೋಳಿಗೆ ಸೂಜಿ ಚುಚ್ಚಲು ನನಗೆ ಕೈ ಬರಲಿಲ್ಲ. ಮೈದಾನದ ಪಕ್ಕದ ಕಟ್ಟಡದ ಜಗಲಿಯಲ್ಲಿ ಲೈಟಿತ್ತು, ಅಲ್ಲಿಗೇ ಹೋಗೋಣ ಎಂದೆ. ಜಾಗ ಹೋಗದಿರಲಿ ಎಂದು ನನ್ನ ಕುರ್ಚಿಗೆ ಶಾಲು ಹಾಕಿದೆ, ಅವರ ಕುರ್ಚಿಗೆ ಸ್ವೆಟರ್ ಹಾಕೋಣ ಎಂದು ಅವಸರದಲ್ಲಿ ತಲೆ ಮೇಲಿಂದ ಎಳೆದೆ. "ಏ ಮೆಲ್ಲಗೇ! ಕಿವಿ ಕಿತ್ತು ಬರತೈತೆ" ಎಂದು ಬೈದರು. ನಮ್ಮ ಕಡೆ ಕುರ್ಚಿ ಮೇಲೆ ಬಟ್ಟೆ ಇದ್ದರೆ ಅದು ಆಳು ಕೂತ ಹಾಗೇ ಲೆಕ್ಕ, ಯಾರೂ ಮುಟ್ಟುವುದಿಲ್ಲ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದು ಬೆಳೆದವರು ನಾವು. ಆ ನಂಬಿಕೆ ಮೇಲೆ ಹೋಗಿ ಸೂಜಿ ಹಾಕಿಸಿಕೊಂಡು ಬಂದೆವು.

ಬಂದು ನೋಡಿದರೆ ಕುರ್ಚಿಯೂ ಇಲ್ಲ, ಶಾಲೂ ಇಲ್ಲ, ಸ್ವೆಟರೂ ಇಲ್ಲ. ಅತಿಥಿಗಳು ಜಾಸ್ತಿ ಬಂದರಂತೆ, ಮುಂದೆ ಕುರ್ಚಿ ಸಾಲದೆ ಕಾರ್ಯಕರ್ತರು ಖಾಲಿ ಕಂಡ ಕುರ್ಚಿಗಳನ್ನೆಲ್ಲ ಬಟ್ಟೆ ಸಮೇತ ಎತ್ತಿ, ಜನರ ತಲೆ ಮೇಲಿಂದ ಕೈಯಿಂದ ಕೈಗೆ ದಾಟಿಸಿ ಮುಂದಕ್ಕೆ ಕಳಿಸಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. "ಮುದುಕರು ಕೂತ ಕುರ್ಚಿ ಎತ್ಕೊಂಡು ಹೋಗ್ತಾರಲ್ಲ, ಇವರ ಮನೆ ಹಾಳಾಗ!" ಎಂದು ಕೂಗಾಡಿದೆ. ಪಕ್ಕದಲ್ಲಿ ಕೂತಿದ್ದ ತ್ಯಾವಣಿಗೆ ಊರಿನ ಹೆಂಗಸೊಬ್ಬಳು ತನ್ನ ಮಗುವನ್ನು ತೊಡೆಗೆ ಎತ್ತಿಕೊಂಡು, "ಹೋಗ್ಲಿ ಬಿಡ್ರಿ ಅಕ್ಕಾರೆ. ಅಮ್ಮಾರು ಇಲ್ಲಿ ಕೂತ್ಕಳ್ಳಿ" ಎಂದು ಅತ್ತೆಗೆ ಜಾಗ ಕೊಟ್ಟಳು. ನಾನು ಕ್ಯಾರಿಯರ್ ಬಿಚ್ಚಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ. ಅತ್ತೆ ಉಣ್ಣುವ ಮುಂಚೆ ಲಿಂಗವನ್ನು ಎಡಗೈಗೆ ತೆಗೆದುಕೊಂಡು ಅದಕ್ಕೆ ಅರ್ಪಿಸಿಯೇ ಉಣ್ಣುವವರು. ಎಂದಿನಂತೆ ಎದೆಗೆ ಕೈ ಹಾಕಿದರು. ಕೈ ಅಲ್ಲೇ ತಡಕಾಡಿತು. ಕೊರಳಿಗೆ ಹೋಯಿತು, ಸೊಂಟಕ್ಕೆ ಬಂತು, ಮತ್ತೆ ಎದೆಗೆ ಬಂತು.

"ಲಿಂಗ ಇಲ್ಲೇ" ಎಂದರು. ಸ್ಪೀಕರಿನ ಸದ್ದಿನಲ್ಲೂ ನನಗದು ಸರಿಯಾಗಿ ಕೇಳಿಸಿತು.

ನಾನು ಅವರ ಸೆರಗು ಕೊಡವಿದೆ, ಕುಪ್ಪಸದೊಳಗೆ ನೋಡಿದೆ, ಕುರ್ಚಿಯ ಕೆಳಗೆ ಬಗ್ಗಿ ಮೊಬೈಲ್ ಟಾರ್ಚ್ ಬಿಟ್ಟೆ. ಜಗಲಿಯಿಂದ ಬರುವಾಗ ಆ ನೂಕಾಟದಲ್ಲಿ ದಾರ ಹರಿದು ಬಿದ್ದಿದೆ ಅಂತಲೇ ನನಗೆ ಗಟ್ಟಿಯಾಯಿತು. ಬೇರೆ ಏನೂ ತಲೆಗೆ ಹೊಳೆಯಲಿಲ್ಲ. ಬಂದ ದಾರಿಯ ಕಡೆ ನೋಡಿದರೆ ಬರೀ ಕಾಲುಗಳು. ಆಗಲೇ ಕುಣಿತದ ಹಾಡು ಬೇರೆ, ಹುಡುಗಿಯರು ಹಿಂದೆ ನಿಂತು ಕುಣಿಯುತ್ತಿದ್ದರು. "ಯಾರಾದ್ರೂ ತುಳುದ್ರೇನೇ ಗತಿ? ಅಯ್ಯೋ, ಚಪ್ಪಲಿ ಕಾಲಾಗೆ ತುಳುದ್ರೇನೇ ಗತಿ?" ಎಂದು ಅತ್ತೆ ಅಳಲು ಶುರು ಮಾಡಿದರು. ಅಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಮಾವ ತೀರಿಕೊಂಡಾಗ ಮಾತ್ರ.

"ಹುಡುಕಾನ ಅತ್ತೆ, ಸಿಕ್ಕೇ ಸಿಗತೈತೆ. ಮೊದ್ಲು ಒಂದೆರಡು ತುತ್ತು ಉಣ್ರಿ. ಸೂಜಿ ಹಾಕೀನಿ" ಎಂದೆ.

"ಲಿಂಗ ಇಲ್ದೆ ನಾನು ನೀರೂ ಮುಟ್ಟಂಗಿಲ್ಲ. ನಿಂಗೆ ಗೊತ್ತಿಲ್ಲೇನು?"

ಗೊತ್ತಿತ್ತು. ನನ್ನ ಕೊರಳಿನ ಲಿಂಗದ ದಾರ ತೆಗೆದು, "ಇಕಾ, ನಂದೈತೆ ತಗಳ್ರಿ, ಇದಕ್ಕೇ ಕೈ ಮುಗುದು ಉಣ್ರಿ" ಎಂದೆ. ಆ ಅಳುವಿನಲ್ಲೂ ಅತ್ತೆ ನನ್ನನ್ನು ಕೆಕ್ಕರಿಸಿ ನೋಡಿದರು. "ಲಿಂಗ ಏನು ಛತ್ರಿನೇನೇ, ಒಬ್ರದು ಒಬ್ರು ಹಿಡ್ಕೊಳ್ಳಾಕೆ? ನಿಂದು ನಿಂಗೆ, ನಂದು ನಂಗೆ. ಹಾಕ್ಕೊ ಕೊರಳಿಗೆ" ಎಂದರು. ನಾನು ರೊಟ್ಟಿ ಮುರಿದು ತುಟಿಯ ಹತ್ತಿರ ಹಿಡಿದೆ. ಅವರು ಹಲ್ಲು ಕಚ್ಚಿ ಮುಖ ತಿರುಗಿಸಿದರು. ನಮ್ಮ ಮನೆಯವರಿಗೆ ಫೋನ್ ಮಾಡಿದೆ, ರಿಂಗಾಗುತ್ತಲೇ ಇತ್ತು, ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಅಷ್ಟರಲ್ಲಿ ಅತ್ತೆಯ ಹಣೆ ಹೊಳೆಯಿತು. ಸ್ವೆಟರ್ ಇಲ್ಲದೆ ಕೂತಿದ್ದಾರೆ, ಜನವರಿಯ ಚಳಿ, ಆದರೂ ವಿಭೂತಿಯ ಮೇಲೆ ಬೆವರಿನ ಹನಿ. ನರ್ಸಮ್ಮ ಹೇಳಿದ ಮೊದಲನೆಯದು. ಬೆಲ್ಲ ಒತ್ತೋಣವೆಂದರೆ ಕಚ್ಚಿದ ಹಲ್ಲು ಬಿಡಿಸುವಂತಿರಲಿಲ್ಲ.

ತ್ಯಾವಣಿಗೆಯ ಹೆಂಗಸು ಎಲ್ಲ ನೋಡುತ್ತಿದ್ದಳು. ಅತ್ತೆಯ ಭುಜಕ್ಕೆ ಕೈ ಹಾಕಿ, "ಅಕ್ಕಾರೆ, ನಾನು ಅಮ್ಮಾರನ್ನ ಹಿಡ್ಕೊಂಡಿರ್ತೀನಿ. ನೀವು ಹೋಗಿ ಮೈಕಿನಾಗೆ ಹೇಳಿಸ್ರಿ" ಎಂದಳು. ನಾನು ಬ್ಯಾಗನ್ನು ಕಂಕುಳಲ್ಲಿ ಇರುಕಿಕೊಂಡು ನುಗ್ಗಿದೆ. ಯಾವ ಜನರನ್ನು ಕಂಡರೆ ನನಗೆ ಕೈಕಾಲು ತಣ್ಣಗಾಗುತ್ತಿತ್ತೋ ಆ ಜನರನ್ನೇ ಮೊಣಕೈಯಲ್ಲಿ ತಳ್ಳಿಕೊಂಡು ಹೋದೆ. ಯಾರು ಬೈದರೋ, ಯಾರ ಕಾಲು ತುಳಿದೆನೋ. ಸ್ಟೇಜಿನ ಮೆಟ್ಟಿಲ ಹತ್ತಿರ ಬ್ಯಾಡ್ಜು ಹಾಕಿಕೊಂಡವನೊಬ್ಬ ಅಡ್ಡ ನಿಂತ. "ಈ ಹಾಡು ಮುಗುದ ಮ್ಯಾಲೆ ಸನ್ಮಾನ ಐತೆ ಅಕ್ಕಾರೆ, ಅದಾದ ಮ್ಯಾಲೆ ಬರ್ರಿ" ಎಂದ. "ನಮ್ಮತ್ತೆ ಹೆಣ ಬಿದ್ದ ಮ್ಯಾಲೆ ಮಾಡ್ತೀಯೇನೋ ಸನ್ಮಾನ?" ಎಂದು ಅವನನ್ನು ದಾಟಿ ಮೇಲೆ ಹತ್ತಿದೆ. ನಿರೂಪಣೆ ಮಾಡುತ್ತಿದ್ದವರಿಗೆ ಎರಡು ಮಾತು ಹೇಳಿದೆ. ಅವರ ಮುಖದ ಬಣ್ಣವೇ ಬದಲಾಯಿತು. ಕೈ ಎತ್ತಿ ಹಾಡು ನಿಲ್ಲಿಸಿದರು, ಮೈಕ್ ನನ್ನ ಕೈಗೇ ಕೊಟ್ಟರು.

ನಾನು ಯಾವತ್ತೂ ಮೈಕ್ ಹಿಡಿದವಳಲ್ಲ. ಎದುರಿಗೆ ಕತ್ತಲೆಯಲ್ಲಿ ಅಷ್ಟೂ ಜನ. "ನಮ್ಮತ್ತೆ ಲಿಂಗ ಕಳಕೊಂಡಾರೆ. ಬಿಳೀ ಬಟ್ಟೆಯಾಗೆ ಕಟ್ಟೈತೆ. ಅವರಿಗೆ ಸಕ್ಕರೆ ಕಾಯಿಲೆ, ಸೂಜಿ ಆಗೈತೆ, ಲಿಂಗ ಸಿಗೋ ತನಕ ಒಂದು ತುತ್ತು ಉಣ್ಣಂಗಿಲ್ಲ. ನಿಮ್ಮ ಕಾಲಾಗೇ ಎಲ್ಲೋ ಬಿದ್ದಿರ್ತೈತೆ. ಯಾರೂ ಕಾಲು ಎತ್ತಬ್ಯಾಡ್ರಿ. ಕೈ ಮುಗೀತೀನಿ, ಯಾರೂ ಕಾಲು ಎತ್ತಬ್ಯಾಡ್ರಿ" ಎಂದೆ. ನನ್ನ ದನಿ ಮೈದಾನದ ಆಚೆ ತುದಿಗೆ ಹೋಗಿ ಬಡಿದು ವಾಪಸ್ ಬಂತು.

ನಾನು ಸಾಯುವ ತನಕ ಅದನ್ನು ಮರೆಯುವುದಿಲ್ಲ. ಶಿಳ್ಳೆ ನಿಂತಿತು. ಕುಣಿಯುತ್ತಿದ್ದವರು ಇದ್ದ ಹಾಗೇ ನಿಂತರು. ನಮ್ಮ ಕಡೆಯವರಿಗೆ ಲಿಂಗ ತುಳಿಯುವುದು ಎಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಲಿಂಗ ಕಟ್ಟದ ಮನೆಯವರಿಗೂ ಅದು ಗೊತ್ತು. ಅಲ್ಲೊಂದು ಇಲ್ಲೊಂದು ಟಾರ್ಚ್ ಹತ್ತಿತು, ಆಮೇಲೆ ಮೈದಾನದ ತುಂಬ ಹತ್ತಿದವು, ಎಲ್ಲ ಬೆಳಕೂ ನೆಲಕ್ಕೆ. ಜನ ನಿಂತಲ್ಲೇ ಬಗ್ಗಿ ತಂತಮ್ಮ ಕಾಲಬುಡ ನೋಡಿಕೊಳ್ಳುತ್ತಿದ್ದರು. ಕೆಲವರು ಮೆಲ್ಲಗೆ ಚಪ್ಪಲಿ ಬಿಟ್ಟು ಅದೇ ಚಪ್ಪಲಿಯ ಪಕ್ಕ ಬರಿಗಾಲಲ್ಲಿ ನಿಂತರು. ಅಷ್ಟು ಜನರಿದ್ದೂ ಜನರೇಟರಿನ ಸದ್ದು ಬಿಟ್ಟು ಏನೂ ಕೇಳುತ್ತಿರಲಿಲ್ಲ.

ಮೆಟ್ಟಿಲಿಳಿದ ಮೇಲೆ ನನಗೆ ಗೊತ್ತಾಯಿತು, ನಾನೇ ನನಗೆ ಬೇಲಿ ಹಾಕಿಕೊಂಡಿದ್ದೆ. ಯಾರೂ ಕಾಲು ಎತ್ತುವಂತಿಲ್ಲ, ಅಂದಮೇಲೆ ನನಗೆ ದಾರಿ ಬಿಡುವವರು ಯಾರು? ಜನ ನಿಂತಲ್ಲೇ ಸೊಂಟ ಬಾಗಿಸಿ ಸಂದು ಮಾಡಿಕೊಡುತ್ತಿದ್ದರು. ನಾನೂ ಒಂದೊಂದು ಹೆಜ್ಜೆಗೂ ನೆಲ ನೋಡಿ ಕಾಲಿಡಬೇಕು. ಓಡಬೇಕಾದ ಹೊತ್ತಿನಲ್ಲಿ ಭತ್ತದ ನಾಟಿ ಮಾಡುವವಳ ಹಾಗೆ ಬಗ್ಗಿಕೊಂಡು ನಡೆಯುತ್ತಿದ್ದೆ. "ಶಿವನೇ, ನೀನು ಸಿಗದಿದ್ರೂ ಪರವಾಗಿಲ್ಲ, ಆ ಮುದುಕೀನ ಉಳಿಸು" ಎಂದು ಬಾಯಿಬಿಟ್ಟೇ ಅಂದೆ. ಪಕ್ಕದವರಿಗೆ ಕೇಳಿಸಿರಬೇಕು.

ಹತ್ತಿರ ಬಂದಾಗ ಅತ್ತೆಯ ತಲೆ ತ್ಯಾವಣಿಗೆಯವಳ ಭುಜಕ್ಕೆ ವಾಲಿತ್ತು. ಮೈ ಬೆವರಿನಲ್ಲಿ ತೊಯ್ದಿತ್ತು, ಕೈಗಳು ನಡುಗುತ್ತಿದ್ದವು. ಕಣ್ಣು ಅರ್ಧ ತೆರೆದಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. "ಅತ್ತೆ, ನಾನು ಬಂದೀನಿ" ಎಂದೆ. ಏನೋ ಗೊಣಗಿದರು, ಒಂದಕ್ಕೊಂದು ಸೇರದ ಮಾತು. ತುಟಿ ಸಡಿಲವಾಗಿತ್ತು. ಕಚ್ಚಿ ಹಿಡಿದಿದ್ದ ಹಲ್ಲು ಬಿಟ್ಟಿದ್ದವು.

ಬ್ಯಾಗಿನ ಒಳಜೇಬಿಗೆ ಕೈ ಹಾಕಿದೆ. ಬೆಲ್ಲದ ಚೂರು ಕಾಗದಕ್ಕೆ ಅಂಟಿಕೊಂಡು ಕಪ್ಪಗಾಗಿತ್ತು. ಅದನ್ನು ಬೆರಳಲ್ಲಿ ಹಿಡಿದು ಒಂದು ಗಳಿಗೆ ನಿಂತೆ. ಇವರು ಎಚ್ಚರವಿದ್ದಾಗ ಬೇಡ ಅಂದದ್ದನ್ನು ಎಚ್ಚರ ತಪ್ಪಿದಾಗ ಬಾಯಿಗೆ ಹಾಕುತ್ತಿದ್ದೇನೆ. ಲಿಂಗಧಾರಣೆಯಾದಾಗಿನಿಂದ ಒಂದು ದಿನವೂ ಬಿಡದೆ ನಡೆಸಿಕೊಂಡು ಬಂದ ನೇಮ, ನನ್ನ ಎರಡು ಬೆರಳಿನಲ್ಲಿ ಮುರಿಯುತ್ತದೆ. ತ್ಯಾವಣಿಗೆಯವಳ ಮುಖ ನೋಡಿದೆ. ಅವಳು ಮಗುವಿನ ಮುಖವನ್ನು ಎದೆಗೆ ಒತ್ತಿಕೊಂಡು ಸ್ಟೇಜಿನ ಕಡೆ ತಿರುಗಿದಳು. ನಾನು ಬೆಲ್ಲವನ್ನು ಅತ್ತೆಯ ದವಡೆಯ ಸಂದಿಗೆ ಒತ್ತಿ ಬೆರಳಿನಿಂದ ಉಜ್ಜಿದೆ. ಉಜ್ಜುತ್ತಾ ಅಳುತ್ತಿದ್ದೆ.

ಬೆಲ್ಲ ಇನ್ನೂ ಪೂರ್ತಿ ಕರಗಿರಲಿಲ್ಲ, ಮುಂದಿನ ಸಾಲಿನಿಂದ ಕೂಗು ಬಂತು. "ಸಿಕ್ತು! ಸ್ವೆಟರಿನ ಟೋಪಿಯಾಗೈತೆ!" ನಮ್ಮ ಕುರ್ಚಿಯಲ್ಲಿ ಕೂತಿದ್ದ ಯಾರೋ ದೊಡ್ಡವರ ಮನೆಯ ಹೆಂಗಸು ಚಳಿಗೆಂದು ಆ ಸ್ವೆಟರನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರಂತೆ, ನೆಲ ನೋಡಲು ಬಗ್ಗಿದಾಗ ಟೋಪಿಯೊಳಗಿನ ಗಂಟು ಕೈಗೆ ಸಿಕ್ಕಿತಂತೆ. ನಾನು ತಲೆ ಮೇಲಿಂದ ಎಳೆದಾಗ ದಾರವೂ ಜೊತೆಗೆ ಬಂದು ಲಿಂಗ ಟೋಪಿಯೊಳಗೆ ಇಳಿದಿತ್ತು. ಬೆಳ್ಳಿ ಕರಡಿಗೆಯ ತೂಕ ಇದ್ದಿದ್ದರೆ ಅತ್ತೆಗೆ ಅಲ್ಲೇ ಗೊತ್ತಾಗುತ್ತಿತ್ತು. ಕುರ್ಚಿ ಹೋದ ದಾರಿಯಲ್ಲೇ ಸ್ವೆಟರ್ ವಾಪಸ್ ಬಂತು, ತಲೆಗಳ ಮೇಲಿಂದ, ಕೈಯಿಂದ ಕೈಗೆ. ಒಬ್ಬೊಬ್ಬರೂ ಅದನ್ನು ಕಣ್ಣಿಗೊತ್ತಿಕೊಂಡು ಮುಂದಕ್ಕೆ ಕೊಡುತ್ತಿದ್ದರು. ನಾನು ಲಿಂಗ ತೆಗೆದು ಅತ್ತೆಯ ಕೊರಳಿಗೆ ಹಾಕಿದೆ. ಆಮೇಲೆ ನನ್ನ ಸೆರಗಿನ ತುದಿಯಿಂದ ಅವರ ಬಾಯಿಯ ಪಕ್ಕದ ಬೆಲ್ಲದ ಕಲೆ ಒರೆಸಿದೆ.

ಸ್ವಲ್ಪ ಹೊತ್ತಿಗೆ ಅತ್ತೆಯ ಕಣ್ಣು ತಿಳಿಯಾಯಿತು. ಕೈ ಮೊದಲು ಎದೆಗೇ ಹೋಯಿತು. "ಸಿಕ್ತಾ?"

"ಸಿಕ್ತು ಅತ್ತೆ."

"ಯಾರಾದ್ರೂ ತುಳುದ್ರೇನೇ?"

"ಒಬ್ರೂ ಕಾಲು ಎತ್ತಲಿಲ್ಲ, ನೋಡ್ರಿ ಬೇಕಾರೆ." ಅವರು ಸುತ್ತ ನೋಡಿದರು. ಜನ ಇನ್ನೂ ಟಾರ್ಚ್ ಹಿಡಿದು ನಿಂತೇ ಇದ್ದರು. ಅತ್ತೆ ಎರಡೂ ಕೈ ಎತ್ತಿ ಅಷ್ಟೂ ಜನಕ್ಕೆ ಮುಗಿದರು. ಆಮೇಲೆ ಲಿಂಗವನ್ನು ಎಡಗೈಯಲ್ಲಿ ಹಿಡಿದು ಅರ್ಪಿಸಿ, ಮೊಸರನ್ನ ಉಂಡರು. ಅಷ್ಟರಲ್ಲಿ ನಮ್ಮ ಮನೆಯವರು ಬೊಂಬು ಹಾರಿ ಏದುಸಿರು ಬಿಡುತ್ತಾ ಬಂದರು. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಸಕ್ಕರೆ ಪರೀಕ್ಷೆ ಮಾಡಿದರು, ಗಾಬರಿ ಇಲ್ಲ ಎಂದರು. ದಾರಿಯುದ್ದಕ್ಕೂ ಅತ್ತೆಗೆ ಹಳೇ ಹಾಡು ಕೇಳುವುದು ತಪ್ಪಿತು ಅನ್ನುವುದೇ ಚಿಂತೆ.

ಮಾರನೇ ದಿನ ಮಠಕ್ಕೆ ಹೋಗಿ ಸ್ವಾಮಿಗಳಿಂದ ಲಿಂಗಕ್ಕೆ ಶುದ್ಧಿ ಮಾಡಿಸಿಕೊಂಡು ಬಂದರು. ಅಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ. ಬಂದವರು ನೆರೆಹೊರೆಯವರಿಗೆಲ್ಲ ಒಂದೇ ಮಾತು: "ಲಿಂಗ ಸಿಗೋ ತನಕ ಹನಿ ನೀರು ಮುಟ್ಟಲಿಲ್ಲ ನೋಡ್ರಿ. ಶಿವ ನನ್ನ ನೇಮ ಉಳಿಸಿದ." ಆ ಮಾತು ಬಂದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಮಾಡಿದ್ದು ತಪ್ಪು ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ, ನಾಳೆ ಹಂಗೇ ಆದರೆ ಮತ್ತೆ ಹಾಕುತ್ತೇನೆ. ಆದರೆ ನೇಮ ನನ್ನದಲ್ಲ, ಅವರದು. ಗೊತ್ತಾದರೆ ಈ ವಯಸ್ಸಿನಲ್ಲಿ ಹೆಂಗೆ ತಡೆದುಕೊಳ್ಳುತ್ತಾರೆ? ನನ್ನ ಮುಖ ಮತ್ತೆ ನೋಡುತ್ತಾರೋ ಇಲ್ಲವೋ? ಬಾಯಿಬಡಕಿ ಅನ್ನಿಸಿಕೊಂಡವಳು ಆ ಒಂದು ವಿಷಯಕ್ಕೆ ಮಾತ್ರ ತಿಂಗಳುಗಟ್ಟಲೆ ಬಾಯಿ ಕಟ್ಟಿಕೊಂಡಿದ್ದೆ. ಗಂಡನಿಗೂ ಹೇಳಲಿಲ್ಲ. ಅತ್ತೆ ಸುಮ್ಮನೆ ನನ್ನ ಕಡೆ ನೋಡಿದರೂ ಎದೆ ಧಸಕ್ ಅನ್ನುತ್ತಿತ್ತು.

ಆಗಸ್ಟ್ ಹದಿನೈದಕ್ಕೆ ಹೊನ್ನಾಳಿಯಲ್ಲಿ ರಸಮಂಜರಿ ಅಂತ ಸುದ್ದಿ ಬಂತು. ನಾನು ಬೇಡವೇ ಬೇಡ ಎಂದೆ, ಅತ್ತೆ ಬಿಡಲಿಲ್ಲ. ಆ ಸಂಜೆ ನಾನು ತಲೆ ಬಾಚಿಕೊಂಡು ಬರುವಷ್ಟರಲ್ಲಿ ಅವರು ತಯಾರಾಗಿ ಕೂತಿದ್ದರು, ಕೊರಳಲ್ಲಿ ಬೆಳ್ಳಿ ಕರಡಿಗೆ. ತೊಡೆಯ ಮೇಲೆ ನನ್ನ ಬ್ಯಾಗು. ಅದರ ಒಳಜೇಬಿಗೆ ಕಾಗದ ಸುತ್ತಿದ್ದೇನನ್ನೋ ತುರುಕಿ ಜಿಪ್ ಎಳೆಯುತ್ತಿದ್ದರು. ಏನ್ರಿ ಅದು ಎಂದೆ.

"ಬೆಲ್ಲ" ಎಂದು ಬ್ಯಾಗನ್ನು ನನ್ನ ಕೈಗೆ ಕೊಟ್ಟು ಎದ್ದರು. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಾ, ನನ್ನ ಕಡೆ ತಿರುಗದೆಯೇ ಅಂದರು:

"ಅವತ್ತಿಂದು ಹಳೇದಾಗಿ ಉಪ್ಪುಪ್ಪಾಗಿತ್ತು ಕಣೇ. ಇದು ಹೊಸಾದು."